ಕಾಟು ಹಾಕಿದ ಸಾಲಿಗೆ ಎರಡು ಅಂಕ

ನಲವತ್ಮೂರು ವರದಿ, ಒಂದು ಸಣಬಿನ ದಾರ,
ಮೇಲೊಂದು ಚೀಟಿ: ತಲೆಬರಹಕ್ಕೆ ಐದು, ಭಾಷೆಗೆ ಐದು,
ಯಾರು ಏನು ಎಲ್ಲಿ ಯಾವಾಗ ಏಕೆ ಹೇಗೆ, ಆರಕ್ಕೆ ಆರು,
ಪುರಾವೆಗೆ ಒಂಬತ್ತು.
ಬೆಟಗೇರಿ ಹೈಸ್ಕೂಲಿನ ಜವಾನ ಕಟ್ಟೆಯ ಮೇಲಿಟ್ಟು ಹೋದ,
'ಸೋಮವಾರದೊಳಗ ಬೇಕಂತ್ರಿ.'

ಮೂವತ್ತೊಂದು ವರ್ಷ ಗದಗಿನ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು.
ಲಗ್ನಪತ್ರಿಕೆ, ಪಂಚಾಂಗ, ನಾಲ್ಕು ಪುಟದ ಸಂಜೆ ಪೇಪರು.
ಒತ್ತಕ್ಷರ ಜಾರಿದರೆ ನಿದ್ದೆಯಲ್ಲೂ ಬೆರಳು ತುರಿಸುತ್ತಿತ್ತು.
ಸುದ್ದಿ ಬರೆದವನಲ್ಲ.

ಮೊದಲ ಹುಡುಗ ವೇದಿಕೆ ಕಟ್ಟಿ, ಗಣ್ಯರನ್ನು ಕೂಡಿಸಿ,
ಜ್ಯೋತಿ ಬೆಳಗಿಸಿ ವಂದನಾರ್ಪಣೆಯವರೆಗೆ ಬಂದಿದ್ದಾನೆ;
ಯಾವ ಕಾರ್ಯಕ್ರಮ ಎಂಬುದನ್ನು ಮಾತ್ರ ಹೇಳಿಲ್ಲ.
ಇನ್ನೊಬ್ಬ, ಪ್ರಯೋಗಾಲಯದ ಅಸ್ಥಿಪಂಜರದ ಎಡಗೈ ಎಲ್ಲಿ ಹೋಯಿತೆಂದು
ಹನ್ನೊಂದು ಜನರನ್ನು ವಿಚಾರಿಸಿ, ಕಡೆಗೆ
'ಉತ್ತರ ಸಿಗಲಿಲ್ಲ' ಎಂದು ಮುಗಿಸಿದ್ದಾನೆ.
ಅವನಿಗೆ ಹದಿನೆಂಟು. ಸಿಗಲಿಲ್ಲ ಎಂದು ಬರೆಯಲು
ನನ್ನ ಕಾಲದ ವರದಿಗಾರರಿಗೆ ಬರುತ್ತಿರಲಿಲ್ಲ.

ಇಪ್ಪತ್ತೊಂಬತ್ತನೆಯದು.
'ದಾಖಲೆಯಲ್ಲಿ ಆರು ದಿನ, ನಲ್ಲಿಯಲ್ಲಿ ಹದಿನೇಳು.'
ಐದನ್ನು ಅಲ್ಲೇ ಬರೆದುಬಿಟ್ಟೆ.
ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನಲ್ಲಿ
ನೀರು ಬಂದ ದಿನಕ್ಕೆ ಕುಂಕುಮದ ಬೊಟ್ಟಿಡುವ ಏಳು ಮನೆ;
ಏಳೂ ಮನೆಯ ಬೊಟ್ಟುಗಳ ಕೋಷ್ಟಕ.
ಮಗ್ಗದ ಓಣಿಯಲ್ಲಿ ನೂಲಿಗೆ ಗಂಜಿ ಹಾಕುವ ಕೊಡ ಬೇರೆ,
ಕುಡಿಯುವ ಕೊಡ ಬೇರೆ ಎಣಿಸಿದ್ದಾಳೆ.
ಎಂಜಿನಿಯರರನ್ನು ಕಾಣಲು ಮೂರು ಸಲ ಹೋದದ್ದು,
ಮೂರನೇ ಸಲ ಅವರು 'ಯಾವ ಸಾಲಿ ನಿಂದು?' ಎಂದದ್ದು.
ಎರಡು ಪುಟದಲ್ಲಿ ಒಂದೇ ಒಂದು ವಿಶೇಷಣವಿಲ್ಲ.

ಆಮೇಲೆ ಬರುತ್ತಾನೆ
'ಹೆಸರು ಹಾಕಬೇಡವೆಂದು ಕೇಳಿಕೊಂಡ ಒಬ್ಬ ವಾಲ್ವ್‌ಮನ್'.
ಯಾರ ಫೋನು ಬಂದಾಗ ಕೀಲಿ ತಿರುಗುತ್ತದೆ,
ಯಾವ ಲಾಡ್ಜಿನ ಟಾಕಿ ತುಂಬಿದ ಮೇಲೆ ಓಣಿಯ ಪಾಳಿ,
ತಾರೀಖು ಸಮೇತ.
ಅದರ ಕೆಳಗೆ ಈ ಸಾಲು:
'ರಾತ್ರಿ ಎರಡೂವರೆಗೆ ಆತ ಸೈಕಲ್ಲಿನ ಸ್ಟ್ಯಾಂಡನ್ನು
ಕೈಯಿಂದ ಎತ್ತುತ್ತಾನೆ, ಮಲಗಿದವರು ಏಳಬಾರದೆಂದು.'

ಪೆನ್ನು ಕೆಳಗಿಟ್ಟೆ.
ಇದು ಬೀದಿಯಲ್ಲಿ ನಿಂತು ನೋಡಿದವರಿಗೆ ತಿಳಿಯುವುದಲ್ಲ.
ಎಚ್ಚರಾಗಿಯೂ ಕಣ್ಣು ಮುಚ್ಚಿಕೊಂಡು ಮಲಗಿದವರಿಗೆ ತಿಳಿಯುವುದು.
ಮುಖಪುಟ ತಿರುವಿದೆ:
ದೇವಕ್ಕ ಮಾರುತೆಪ್ಪ ಹಡಗಲಿ, ಒಂಬತ್ತನೇ ಬ ವಿಭಾಗ.
ಪಾಲಕರ ಉದ್ಯೋಗ: ನಗರಸಭೆ, ದಿನಗೂಲಿ.

ಮೊದಲ ಬಹುಮಾನದ ವರದಿಯನ್ನು ಫೋಟೋ ಸಮೇತ
ಗೋಡೆಪತ್ರಿಕೆಗೆ ಹಚ್ಚುತ್ತಾರೆ.
ಬಿಡುಗಡೆಗೆ ನಗರಸಭೆಯವರನ್ನೇ ಕರೆದಿದ್ದಾರೆ.

ಮೊಳೆ ಜೋಡಿಸುತ್ತಿದ್ದ ಕಾಲ. ಜಿನ್ನಿನ ತೂಕದ ಮೋಸದ ಸುದ್ದಿ.
ಹೆಸರಿರಲಿಲ್ಲ, 'ಬಲಗೈ ಹೆಬ್ಬೆರಳಿಲ್ಲದ ಹಮಾಲ' ಎಂದಿತ್ತು.
ಹೆಬ್ಬೆರಳಿನ ಒತ್ತು ಸರಿಯಿದೆಯೇ
ಎಂದಷ್ಟೇ ನೋಡಿದೆ.
ಮರುವಾರ ಅವನು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ, ಕೆಲಸ ಹೋಗಿ.
ಬೈಯಲಿಲ್ಲ. 'ಚಲೋ ಛಾಪಿಸೀರಿ' ಅಂದ.

ಸ್ಕೇಲಿಟ್ಟು, ಕೆಂಪು ಶಾಯಿಯಲ್ಲಿ, ಆ ಸಾಲಿಗೆ ಕಾಟು ಹಾಕಿದೆ.
ಮತ್ತೊಮ್ಮೆ, ಇನ್ನೂ ದಪ್ಪಗೆ.
ಅಂಚಿನಲ್ಲಿ ಬರೆದೆ: ಇದಿದ್ದರೆ ಆತ ಸಿಕ್ಕಿಬೀಳುತ್ತಾನೆ.
ಸ್ವಲ್ಪ ತಡೆದು: ಇಡೀ ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಸಾಲಿಲ್ಲ, ಎರಡು ಅಂಕ.
ಉಳಿದದ್ದಕ್ಕೆ ಪೂರ್ತಿ.
ಹೆಸರಿನ ಜಾಗದಲ್ಲಿ 'ವಿದ್ಯಾರ್ಥಿ ವರದಿಗಾರರು' ಎಂದಷ್ಟೇ ಹಾಕಿರೆಂದು
ಒಂದು ಚೀಟಿಯನ್ನೂ ಚುಚ್ಚಿದೆ.
ಇಷ್ಟಕ್ಕೆ ಆತ ಉಳಿದಾನೇ? ಓಣಿಗೆ ಇರುವವನು ಒಬ್ಬನೇ.

ಮಂಗಳವಾರ ರಾತ್ರಿ ಲಮಾಣಿ ಮೇಡಂ ಫೋನು:
'ಸರ, ಇಪ್ಪತ್ತೈದಕ್ಕ ಇಪ್ಪತ್ತೇಳು ಬಿದ್ದಾವಲ್ರಿ. ಬೇರೀಜು ತಪ್ಪೇತಿ.'
'ಬೇರೀಜು ಬರೋಬ್ಬರಿ ಐತಿ. ಒಂದ ಸಾಲು ಕಮ್ಮಿ ಐತಿ.'
'ಯಾವ ಸಾಲ್ರಿ?'

ಅಂಗಳದ ಡ್ರಮ್ಮಿನ ತಳಕ್ಕೆ
ಅದೇ ಆಗ ನೀರು ಬೀಳತೊಡಗಿತ್ತು.
'ಓದಾಕ ಬರದಂಗ ಹೊಡದೇನಿ' ಅಂದೆ.