ಸಣ್ಣ ನೀರಾವರಿ

ಪಾಟ್ನಾದ ಹಾರ್ಡಿಂಗ್ ರಸ್ತೆಯ ಬಂಗಲೆಗೆ ನಾವು ಬಂದಾಗ
ಗೋಡೆಯಲ್ಲಿ ಹಿಂದಿನವರ ಮೊಳೆ ಇತ್ತು,
ಮೊಳೆಯ ಕೆಳಗೆ ಒಂದು ಕ್ಯಾಲೆಂಡರಿನಷ್ಟು ಸುಣ್ಣ ಬೆಳ್ಳಗೆ.
ಅಮ್ಮ ಅಲ್ಲಿ ನಮ್ಮದನ್ನು ತೂಗುಹಾಕಲಿಲ್ಲ.
ತಿಂಗಳು ಮುಗಿಯಲಿ, ಎಂದಳು.
ಹಾಸಿಗೆಯ ಸುರುಳಿಯ ಹಗ್ಗ ರಾತ್ರಿ ಬಿಚ್ಚುವಳು,
ಬೆಳಿಗ್ಗೆ ಮತ್ತೆ ಬಿಗಿಯುವಳು.

ಅಪ್ಪನಿಗೆ ಸಿಕ್ಕಿದ್ದು ಸಣ್ಣ ನೀರಾವರಿ.
ದೊಡ್ಡದು ಕುಬೇರನಾಥ ಝಾ ಅವರದು,
ಕೋಸಿ, ಗಂಡಕ್, ಅಣೆಕಟ್ಟು, ರಿಬ್ಬನ್ನು ಕತ್ತರಿಸುವ ಕತ್ತರಿ.
ನಮ್ಮದು ಬಾವಿ, ಬೋರು, ಡೀಸೆಲ್ ಪಂಪಿನ ವಾಷರು.
ಮಂತ್ರಿಗಳು ಮೂವತ್ತೆಂಟು. ಖಾತೆ ಸಾಲದೆ
ಮೀನು ಸೀಳಿದಂತೆ ಸೀಳಿದ್ದರು.
ಜೈಲು ಒಬ್ಬರಿಗೆ, ಜೈಲಿನ ತೋಟ ಇನ್ನೊಬ್ಬರಿಗೆ.
ತೋಟದ ಮಾತು ನಾನು ಸೇರಿಸಿದ್ದು;
ಅಪ್ಪ ಇದ್ದಿದ್ದರೆ ಗದರುತ್ತಿದ್ದರು.

ಪ್ರಮಾಣ ವಚನದಲ್ಲಿ 'ಅಕ್ಷುಣ್ಣ' ಎಂಬಲ್ಲಿ ನಾಲಗೆ ತೊಡರಿತು.
ಗಂಗೆಯಲ್ಲಿ ದೋಣಿ ನೂಕಿದವರ ಮೊಮ್ಮಗ ಅನೂಪಲಾಲ್ ಬಿಂದ್,
ಎರಡು ಸಲ ಎಡವಿ ಮೂರನೆಯ ಸಲ ದಾಟಿದರು.
ಮರುದಿನ ಬೇವಿನಕಡ್ಡಿ ಜಗಿಯುತ್ತ
ಅಕ್ಷುಣ್ಣ, ಅಕ್ಷುಣ್ಣ, ಎಂದು ಉಗುಳುತ್ತಿದ್ದರು.
ಹಾಗೆಂದರೇನು, ಎಂದೆ.
ಒಡೆಯದ ಹಾಗೆ ಇಟ್ಟುಕೊಳ್ಳುವುದು, ಎಂದರು.

ದಿನಕ್ಕೆ ಮೂರು ಸಲ ಶಾಸಕರ ಎಣಿಕೆ,
ಸಂಜೆ ಕೋಳಿಮರಿಗಳನ್ನು ಬುಟ್ಟಿಗೆ ಮುಚ್ಚುವಾಗ ಎಣಿಸುವಂತೆ.
ನೂರಾ ಅರವತ್ತೆರಡು.
ನೂರಾ ಅರವತ್ತೊಂದು.
ತಬಾರಕ್ ಚಾಚಾ ಬಚ್ಚಲಿಗೆ ಹೋಗಿದ್ದಾರೆ, ಸೇರಿಸಿ.
ಕರಿಯ ಟೆಲಿಫೋನು ಬಡಿದುಕೊಂಡರೆ ನಾನೇ ಎತ್ತಬೇಕು;
ಅಪ್ಪ ಇಲ್ಲ ಎಂದು ಹೇಳಲು ಅಪ್ಪನೇ ಕಲಿಸಿದ್ದರು.

ಹತ್ತನೆಯ ದಿನ ಕೈಮೂರ್ ಬೆಟ್ಟದ ಬುಡದ ಡುಮರಿ ಟೋಲಾದಿಂದ
ನಾಲ್ವರು ಹೆಂಗಸರು ಬಂದರು,
ಔಷಧಿಯ ಸೀಸೆಯಲ್ಲಿ ಕೆಂಪು ನೀರು ತುಂಬಿಕೊಂಡು.
ಮೇಜಿನ ಮೇಲಿಟ್ಟರು. ಏನೂ ಕೇಳಲಿಲ್ಲ.
ಅಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ
ಅಲ್ಲೇ ರುಜು ಹಾಕಿದರು: ಬೋರು, ಒಂದು.
ಇಂಜಿನಿಯರು ಓಡಿದ.
ಹೊಸ ಮಂತ್ರಿಗೆ ಒಂದು ವಾರ ಎಲ್ಲರೂ ಓಡುತ್ತಾರೆ.

ಹತ್ತೊಂಬತ್ತನೆಯ ದಿನ ಝಾ ಅವರು ಹನ್ನೊಂದು ಜನರೊಡನೆ
ಆಚೆಯ ಬೆಂಚಿಗೆ ಹೋಗಿ ಕೂತರು.
ಅಷ್ಟೇ. ಗದ್ದಲವೂ ಆಗಲಿಲ್ಲ.
ಕೊಳವೆ ತೊಂಬತ್ತು ಅಡಿಗೆ ಇಳಿದಿತ್ತು,
ನೀರು ನೂರಿಪ್ಪತ್ತಕ್ಕೆ, ಇಂಜಿನಿಯರನ ಲೆಕ್ಕದಲ್ಲಿ.
ಮಂಜೂರಾದದ್ದು ಬಹುಮತ ಇದ್ದಾಗಲೋ ಹೋದಮೇಲೋ
ಎಂದು ಹೊಸಬರು ತನಿಖೆ ಹಾಕಿದರು; ಯಂತ್ರ ವಾಪಸು ಹೋಯಿತು.

ಮುಖ್ತಾರ್ ಮಿಯಾ ಚಹದ ಬಟ್ಟಲು ಒರೆಸುವ ಬಟ್ಟೆಯಲ್ಲೇ
ಅಪ್ಪನ ಹೆಸರಿನ ಹಲಗೆ ಒರೆಸಿ, ಸ್ಕ್ರೂ ಎಣಿಸಿ ಜೇಬಿಗಿಳಿಸಿದ.
ಹಿತ್ತಲ ಸೀಬೆ ಇನ್ನೂ ಕಲ್ಲುಕಾಯಿ.
ಎರಡು ಕಿತ್ತು ಲಂಗದಲ್ಲಿ ಕಟ್ಟಿಕೊಂಡೆ.
ಹಾಸಿಗೆ ಸುತ್ತುವ ಕೆಲಸವೇ ಇರಲಿಲ್ಲ.

ಆಮೇಲೆ ಮೂವತ್ತೊಂದು ವರ್ಷ ಅಪ್ಪ ಮಂತ್ರೀಜಿ.
ಕ್ಷೌರದವನಿಗೆ, ರೇಷನ್ ಅಂಗಡಿಯವನಿಗೆ,
ಜಗಳಕ್ಕೆ ಬಂದವರಿಗೂ:
ಮಂತ್ರೀಜಿ, ನಿಮ್ಮ ಎಮ್ಮೆ ನಮ್ಮ ಕಡಲೆ ಮೇಯ್ದಿದೆ!
ಹೂಂ, ಎನ್ನುತ್ತಿದ್ದರು, ಫೈಲು ಮುಚ್ಚುವವರ ಹಾಗೆ.
ಡುಮರಿ ಟೋಲಾದ ದಾರಿಯಲ್ಲಿ ಮಾತ್ರ ಒಮ್ಮೆಯೂ ಹೋಗಲಿಲ್ಲ,
ಮದುವೆಗಳಿಗೆ ಎರಡು ಹರದಾರಿ ಸುತ್ತು ಹಾಕುತ್ತಿದ್ದರು.

ಕಳೆದ ಫಾಲ್ಗುಣದಲ್ಲಿ ನಾನು ಹೋದೆ.
ಮೊಣಕಾಲೆತ್ತರ ತುಕ್ಕಿನ ಕೊಳವೆ, ಬಾಯಿಗೆ ಒಡೆದ ಬಾಣಲೆ.
ಬಾಣಲೆ ಸರಿಸಿ ಹುಡುಗರು ಕಲ್ಲು ಬಿಟ್ಟು ಎಣಿಸುತ್ತಿದ್ದರು,
ಸದ್ದು ಎಷ್ಟಕ್ಕೆ ಬರುತ್ತದೆಂದು ಪಣ, ಒಂದು ಗೋಲಿ.
ನಾನೂ ಕಿವಿ ಇಟ್ಟೆ. ಒಣ ಸದ್ದು.
ಮೇಕೆಯನ್ನು ಅದಕ್ಕೇ ಕಟ್ಟಿದ್ದ ಹೆಂಗಸು ಓಡಿಬಂದಳು:
ಮುಟ್ಟಬೇಡಿ, ಇದು ಸರ್ಕಾರದ್ದು.

ಇನ್ನು ಮೂವತ್ತು ಅಡಿ ಅಷ್ಟೇ, ಎಂದೆ.
ಎಲ್ಲಿಗೆ? ಎಂದಳು.