ಧಕ್ಕೆಯ ಎತ್ತರ

ಓಶಿಕಾದ ಶಾಲೆಯಂಗಳದ ಕಂಬ
ಆ ಮಧ್ಯಾಹ್ನ ಐದು ಮೀಟರ್ ಕಡಲತ್ತ ಸರಿದು
ಎದೆಮಟ್ಟ ಇಳಿಯಿತು.
ಅದರ ನೆತ್ತಿಯ ಆಂಟೆನಾ ಮಾತ್ರ
ಉಪಗ್ರಹಗಳಿಗೆ ಕಿವಿಗೊಟ್ಟು
ಸೆಕೆಂಡಿಗೊಮ್ಮೆ ಬರೆದುಕೊಳ್ಳುತ್ತಲೇ ಇತ್ತು.

ಮುಳುಗಿದ ಧಕ್ಕೆಯನ್ನು ಕಾಂಕ್ರೀಟು ಸುರಿದು ಏರಿಸಿದರು.
ನೆಲವೂ ಏರತೊಡಗಿತು:
ವರ್ಷಕ್ಕೆ ಮೂರು ಬೆರಳು, ಆಮೇಲೆ ಎರಡು, ಈಗ ಒಂದು.

ಮಾರ್ಚಿಗೊಮ್ಮೆ ಅಳೆಯಲು ಬರುತ್ತೇನೆ.
"ಎಷ್ಟು?" ಎನ್ನುತ್ತಾನೆ ತೋಕುಜಿ, ದೋಣಿಯಿಂದಲೇ.
ನಾನು ಬಾಯಿ ತೆರೆಯುವ ಮೊದಲೇ
ಸಿಂಪಿಯ ಬುಟ್ಟಿಯನ್ನು ಧಕ್ಕೆಗೆ ಎತ್ತಿಟ್ಟು
"ಕಟ್ಟಿದಾಗ ಸೊಂಟಕ್ಕಿತ್ತು" ಎಂದು
ಪಕ್ಕೆಲುಬು ತಟ್ಟುತ್ತಾನೆ.

ಅವನ ಹಳೆಯ ಮನೆಯ ಮೆಟ್ಟಿಲು
ಇಳಿತದಲ್ಲಿ ಈಗ ಒಂದು ಕಾಣುತ್ತದೆ.
ಅದರ ಕೆಳಗಿನದರ ಮೇಲೆ
ಹೆಂಡತಿ ಸುಮಿಯೆ ಚಪ್ಪಲಿ ಬಿಡುತ್ತಿದ್ದಳಂತೆ.
ಅದು ಯಾವಾಗ?
ಲೆಕ್ಕ ಹಾಕಿ ಹೇಳಿದೆ: ಹನ್ನೊಂದು ವರ್ಷ,
ಇದೇ ವೇಗದಲ್ಲಾದರೆ.

ವೇಗ ತಗ್ಗುತ್ತಿದೆ.