ಕಡೇ ಮೇಜಿಗೆ

ಹದಿನೈದಿಂಚಿನದು ಒಂದೇ ಸಾಕೋ,
ಹತ್ತಿಂಚಿನವು ನಾಲ್ಕು ಬೇಕೋ?
ವಾಲ್‌ಪರೈಸೊದಲ್ಲಿ ಈ ಪ್ರಶ್ನೆಯನ್ನು
ಕಿವಿಗಿಂತ ಮೊದಲು ಮಂಡಿಗೆ ಕೇಳಬೇಕು.

ಇಲ್ಲಿ ಊರೆಂದರೆ ಮೆಟ್ಟಿಲು.
ಗುಡ್ಡ ಹತ್ತಿಸುವ ಹಳಿಯ ಡಬ್ಬಿಗೆ
ರಾತ್ರಿ ಹನ್ನೊಂದಕ್ಕೇ ನಿದ್ದೆ;
ನಮ್ಮ ಕುಂಬಿಯಾ ಮುಗಿಯುವುದು ಮೂರಕ್ಕೆ.
ಆಮೇಲೆ ನಾನು, ತಮ್ಮ ಎಲಾದಿಯೊ, ಪೆಟ್ಟಿಗೆ,
ನೂರ ಅರವತ್ತೆರಡು ಮೆಟ್ಟಿಲು,
ಮತ್ತು ಯಾರದೋ ನಾಯಿ.

ಮುದುಕ ನಿಬಾಲ್ದೊ ಮಾರುವಾಗಲೇ ಹೇಳಿದ್ದ
(ಅವನ ಗ್ಯಾರೇಜಿನಲ್ಲಿ ಮೀನೂ ಬೆಸುಗೆಯೂ ಒಟ್ಟಿಗೆ ನಾರುತ್ತಿದ್ದವು):
"ಓಮ್ ನೋಡಿಕೋ ಮಗಳೇ.
ಎಂಟಕ್ಕೆ ಎಂಟು ಜೊತೆಯಾದರೆ
ಹದಿನಾರಲ್ಲ, ನಾಲ್ಕು.
ಮದುವೆಯ ಲೆಕ್ಕ ಅದು.
ನಾಲ್ಕಕ್ಕಿಂತ ಕೆಳಗಿಳಿಸಿದೆಯೋ,
ನಿನ್ನ ಆಂಪ್ಲಿಫೈಯರ್ ಸುಟ್ಟ ಬದನೆಕಾಯಿ."

ಸ್ಪೀಕರಿನ ಕಾಗದದ ಶಂಕುವನ್ನು
ಹಣ್ಣು ಒತ್ತಿ ನೋಡುವಂತೆ ಒತ್ತಿದೆ. ಕೆರೆಯಲಿಲ್ಲ.
ಹಿಂಬದಿಯಲ್ಲಿ ಹಳೇ ಒಡೆಯರ ಹೆಸರು ಮೂರು,
ಒಂದನ್ನು ಮೊಳೆಯಲ್ಲಿ ಗೀಚಿ ಅಳಿಸಿದ್ದರು.
"ತೂಕ?" ಅಂದೆ.
"ಎತ್ತಿದವರು ಯಾರೂ ಹೇಳಿಲ್ಲ.
ಹೇಳುವಷ್ಟು ಉಸಿರು ಉಳಿದಿರಲಿಲ್ಲ."

ಮೊದಲ ವರ್ಷ ನನ್ನ ಬಾಸ್ ನನಗೇ ಕೇಳಿಸುತ್ತಿರಲಿಲ್ಲ.
ಪೆಟ್ಟಿಗೆಗೆ ಆತು ನಿಂತು
ಗುಂಡಿ ತಿರುಗಿಸಿದೆ, ಇನ್ನೂ ತಿರುಗಿಸಿದೆ;
ಕಡೇ ಮೇಜಿನಲ್ಲಿ ಒಬ್ಬಾಕೆ
ಎರಡೂ ಕೈಯಲ್ಲಿ ಲೋಟ ಅಮುಕಿ ಹಿಡಿದಿದ್ದಳು.
ಮಂದ್ರದ ಸ್ವಭಾವವೇ ಹಾಗೆ,
ಹುಟ್ಟಿದ ಮನೆಯಲ್ಲಿ ಬಾಯಿ ಬಿಡದು.
ಎಂಟು ಮೀಟರಿನ ಅಲೆ,
ಮೈ ಚಾಚಲು ಅದಕ್ಕೆ ಜಾಗ ಬೇಕು.

ಈಗ ತಗ್ಗು ಇಳಿಸಿ ನಡುವನ್ನು ಎತ್ತುತ್ತೇನೆ.
ಮೂಲೆಗೆ ತಳ್ಳುವುದಿಲ್ಲ: ಮೂಲೆ ಸೇರಿದ ಬಾಸ್
ಮೂಲೆ ಸೇರಿದ ಮುದುಕನಂತೆ
ಇದ್ದುದಕ್ಕಿಂತ ಎರಡರಷ್ಟು ಗೊಣಗುತ್ತದೆ.
ಬಿಯರಿನ ಖಾಲಿ ಕ್ರೇಟಿನ ಮೇಲಿಟ್ಟು ಓರೆಯಾಗಿಸುತ್ತೇನೆ.
ಮೊಣಕಾಲಿಗೆ ಕಿವಿಯಿಲ್ಲ ಎಂದು ತಿಳಿಯಲು
ಎಷ್ಟು ಶನಿವಾರಗಳು ಹೋದವು!

ಕಳೆದ ಆಗಸ್ಟಿನಲ್ಲಿ ಬೆಸ್ತರ ಸಂಘದ ಹಾಲು.
ಓರ್ತೆನ್ಸಿಯಾಗೆ ಅರವತ್ತು ತುಂಬಿತ್ತು.
ಹಲಗೆಯ ವೇದಿಕೆ, ಅಡಿಯಲ್ಲಿ ಟೊಳ್ಳು;
ನಾನು ಕೆಳಗಿನ ತಂತಿ ಮುಟ್ಟಿದರೆ ಸಾಕು
ಮಾಡಿನ ದೀಪ ತೂಗುತ್ತಿತ್ತು.
ಈ ಊರಿನಲ್ಲಿ ದೀಪ ತೂಗಿದರೆ
ಕಣ್ಣು ಬಾಗಿಲಿಗೆ ಓಡುತ್ತದೆ, ಕಾಲು ಅದರ ಹಿಂದೆ.
"ಬಾಸ್ ಕಣ್ರೋ, ಬರೀ ಬಾಸ್!" ಯಾರೋ ಕೂಗಿದರು.
ನಗು. ನಾಲ್ಕನೇ ಹಾಡಿಗೆ ಎಲ್ಲರಿಗೂ ರೂಢಿಯಾಯಿತು.

ಆರನೆಯದರಲ್ಲಿ ದೀಪ ತೂಗಿತು.
ಬಾಟಲಿಗಳು ಒಂದಕ್ಕೊಂದು ಹಲ್ಲು ಕಡಿದವು.
ಯಾರೂ ತಿರುಗಿ ನೋಡಲಿಲ್ಲ.
ನಾನು ನೋಡಿಕೊಂಡೆ, ನನ್ನ ಕೈಯನ್ನು:
ತಂತಿಯ ಮೇಲೆ ಸುಮ್ಮನೆ ಮಲಗಿತ್ತು.
ಎರಡು ಆವರ್ತ ನಾನು ಸುಮ್ಮನಿರಬೇಕಾದ ಜಾಗ ಅದು.

ನನಗಿಂತ ತಗ್ಗಿನ ತಂತಿ ಯಾರದ್ದೋ,
ಇಡೀ ಗುಡ್ಡವನ್ನೇ ಪೆಟ್ಟಿಗೆ ಮಾಡಿಕೊಂಡವರದ್ದು.
ನಿಲ್ಲಿಸಿದರೆ ಎಲ್ಲರೂ ಎದ್ದಾರು;
ಬಾಗಿಲು ಒಂದೇ, ಅದೂ ಕಿರಿದು,
ಆಚೆಗೆ ಮತ್ತೆ ಮೆಟ್ಟಿಲು.
ಎಣಿಕೆ ತಪ್ಪಿಸದೆ ನನ್ನ ಜಾಗಕ್ಕೆ ಸರಿಯಾಗಿ ಸೇರಿಕೊಂಡೆ,
ಅದರ ಮೇಲೆಯೇ, ಅದರ ಜೊತೆಗೇ.

ಓರ್ತೆನ್ಸಿಯಾ ಕುಣಿಯುತ್ತಲೇ ನನ್ನತ್ತ ಬೆರಳೆತ್ತಿ
"ಸ್ವಲ್ಪ ಇಳಿಸೇ, ಕೇಕು ಬೀಳುತ್ತೆ!" ಅಂದಳು.
ತಲೆಯಾಡಿಸಿ ಗುಂಡಿಯನ್ನು ತುಸು ಇಳಿಸಿದೆ.
ಅದೂ ಇಳಿಯಿತು.

ಎಂಬತ್ತನೇ ಮೆಟ್ಟಿಲಲ್ಲಿ ಪೆಟ್ಟಿಗೆ ಇಟ್ಟು
ಅದರ ಮೇಲೆಯೇ ಕೂತೆವು.
ಕೆಳಗೆ ಬಂದರಿನ ದೀಪಗಳು, ಅಲುಗದೆ.
ಎಲಾದಿಯೊ ಬಹಳ ಹೊತ್ತಿನ ಮೇಲೆ ಕೇಳಿದ,
"ಆ ಆರನೇ ಹಾಡಿನಲ್ಲಿ... ನೀನೇ ತಾನೇ?"

"ಹನ್ನೆರಡಿಂಚಿನದೊಂದು ನೋಡಬೇಕು ಕಣೋ," ಅಂದೆ.
"ಹಗುರದ್ದು."
ನಾಯಿ ಆಗಲೇ ಮೇಲೆ ಹತ್ತಿ ಕಾಯುತ್ತಿತ್ತು.